ಬೀಗದ ಕೈ ಯಾರ ಹತ್ತಿರ ಇದೆ?

ಸೋಮವಾರ, ಬೆಳಗ್ಗೆ ಒಂಬತ್ತೂಕಾಲು. ಬೆಂಗಳೂರಿನ ಅಂಚಿನ ಬೂದಿಗೆರೆಯಂಥ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಚೀಟಿ ಬರೆಯುವ ಕಿಟಕಿಯಿಂದ ಹೊರಟ ಸಾಲು ಆಗಲೇ ಮೆಟ್ಟಿಲಿಳಿದು ಅಂಗಳಕ್ಕೆ ಬಂದಿದೆ. ಶುಗರ್ ಮಾತ್ರೆ ಮುಗಿದುಹೋದ ಅಜ್ಜ, ತಾಯಿ ಕಾರ್ಡು ಹಿಡಿದ ಏಳು ತಿಂಗಳ ಬಸುರಿ, ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಬಂದ ಅಪ್ಪ. ಕೈಗೆ ಟವೆಲ್ ಸುತ್ತಿಕೊಂಡ ಗಾರೆ ಕೆಲಸದ ಹುಡುಗನೊಬ್ಬ ಗೋಡೆಗೆ ಒರಗಿ ನಿಂತಿದ್ದಾನೆ. ಅವನಿಗೆ ಕನ್ನಡ ಬರುವುದಿಲ್ಲ, ಚೀಟಿ ಬರೆಯುವವರಿಗೆ ಹಿಂದಿ ಅಷ್ಟಕ್ಕಷ್ಟೆ.

ಒಳಗೆ ಡಾಕ್ಟರು ಒಬ್ಬರೇ. ಹನ್ನೊಂದು ಗಂಟೆಗೆ ಅವರಿಗೆ ಮೇಲಿನ ಕಚೇರಿಯ ವಿಡಿಯೊ ಮೀಟಿಂಗ್ ಇದೆ. ರಾತ್ರಿ ಡ್ಯೂಟಿ ಮಾಡಿದ ಸಿಸ್ಟರ್ ಇನ್ನೂ ಮನೆಗೆ ಹೋಗಿಲ್ಲ, ಅವರನ್ನು ಬಿಡಿಸಬೇಕಾದವರ ಮಗುವಿಗೆ ಜ್ವರ. ಲ್ಯಾಬ್ ಟೆಕ್ನೀಷಿಯನ್ ವಾರದಲ್ಲಿ ಮೂರು ದಿನ ಬೇರೆ ಕೇಂದ್ರಕ್ಕೆ ನಿಯೋಜನೆ, ಇವತ್ತು ಆ ದಿನ. ಸಾಲಿನಲ್ಲಿ ನಿಂತವರೊಬ್ಬರು ಗೊಣಗುತ್ತಾರೆ: ‘ಸರ್ಕಾರಿ ಆಸ್ಪತ್ರೇಲಿ ಯಾರು ಸ್ವಾಮಿ ನೆಟ್ಟಗೆ ಕೆಲ್ಸ ಮಾಡ್ತಾರೆ?’

ಈ ಗೊಣಗಾಟ ನಮಗೆಲ್ಲ ಪರಿಚಿತ. ನಾವೂ ಹಾಗೆ ಗೊಣಗಿದವರೇ. ಆದರೆ ಮೇಲಿನ ದೃಶ್ಯದಲ್ಲಿ ಸೋಮಾರಿಗಳು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಇರುವವರೆಲ್ಲ ದುಡಿಯುತ್ತಿದ್ದಾರೆ. ಹಾಗಿದ್ದೂ ಕೆಲಸ ಸಾಗುತ್ತಿಲ್ಲ.

ದುಡಿಮೆ ಬೇರೆ, ಏರ್ಪಾಡು ಬೇರೆ

ವೈದ್ಯರ, ನರ್ಸ್‌ಗಳ ಸಾಮರ್ಥ್ಯ ಎಂದೊಡನೆ ನಮಗೆ ಅವರ ಓದು, ಅನುಭವ, ಶ್ರದ್ಧೆ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ಯಾರ ಡ್ಯೂಟಿ ಯಾವಾಗ, ಯಾವ ಔಷಧ ಯಾವ ಕಪಾಟಿನಲ್ಲಿ, ಕೆಟ್ಟ ಬಿಪಿ ಯಂತ್ರದ ಪಟ್ಟಿ ಬದಲಿಸಲು ಯಾರ ಸಹಿ, ಒಬ್ಬರು ಬಾರದ ದಿನ ಅವರ ಕೆಲಸ ಯಾರಿಗೆ ಎಂಬುದನ್ನೆಲ್ಲ ತೀರ್ಮಾನಿಸುವುದು ಆಡಳಿತ. ಆಸ್ಪತ್ರೆಯಲ್ಲಿ ಎರಡು ದಿನ ಒಂದೇ ಥರ ಇರುವುದಿಲ್ಲ. ಮಳೆ ಬಿದ್ದ ವಾರ ಜ್ವರ, ಜಾತ್ರೆಯ ಮರುದಿನ ವಾಂತಿಭೇದಿ, ಗುರುವಾರ ಲಸಿಕೆ. ದಿನಕ್ಕೊಂದು ರೂಪ ತಾಳುವ ಕೆಲಸವನ್ನು ವರ್ಷಕ್ಕೊಮ್ಮೆಯೂ ಬದಲಾಗದ ಆದೇಶದಲ್ಲಿ ನಡೆಸಹೊರಟರೆ, ಆ ಎರಡರ ನಡುವೆ ಸಿಕ್ಕು ಹಣ್ಣಾಗುವವರು ಸಿಬ್ಬಂದಿ.

ಸನ್ನಿವೇಶ ನೋಡಿ ಬದಲಾಗಬಲ್ಲ ಆಡಳಿತ ಎಂದರೆ ನಿಯಮ ಗಾಳಿಗೆ ತೂರುವುದಲ್ಲ. ರೋಗಿಯ ಎದುರಿಗೆ ನಿಂತಿರುವವರ ಕೈಗೆ ಅಷ್ಟಿಷ್ಟು ಅಧಿಕಾರ, ಅಷ್ಟಿಷ್ಟು ಹಣ, ಕೇಳಿದಾಗ ಬೆನ್ನಿಗೆ ನಿಲ್ಲುವ ಒಬ್ಬ ಹಿರಿಯರು. ನನ್ನ ಮಟ್ಟಿಗೆ ಅದರ ಅರ್ಥ ಇಷ್ಟೆ. ಆದರೆ ಐದೂವರೆ ವರ್ಷ ವೈದ್ಯಶಾಸ್ತ್ರ ಕಲಿತು ಬಂದವರನ್ನು ನಾವು ಒಂದು ದಿನ ಆಡಳಿತ ವೈದ್ಯಾಧಿಕಾರಿಯ ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. ಡ್ಯೂಟಿ ಪಟ್ಟಿ ಹಾಕುವುದನ್ನಾಗಲಿ, ಜಗಳ ಬಿಡಿಸುವುದನ್ನಾಗಲಿ, ಲೆಕ್ಕ ನೋಡುವುದನ್ನಾಗಲಿ ಅವರಿಗೆ ಕೈಹಿಡಿದು ಕಲಿಸಿದವರು ಕಡಿಮೆ.

ಊರು ಬದಲಾಯಿತು

ಬೆಂಗಳೂರಿನಿಂದ ಬರುವಾಗ ಹಳೆ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸ್‌ನಲ್ಲಿ ಎಡಕ್ಕೆ ಹೊರಳಿ, ಮಂಡೂರು ದಾಟಿ ಊರಿನ ಕಡೆ ಬನ್ನಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ಮೊದಲು ಇದು ರಾಗಿ ಹೊಲ, ದ್ರಾಕ್ಷಿ ತೋಟಗಳ ಸೀಮೆ. ಈಗ ಕ್ರಾಸ್‌ನಿಂದಲೇ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಅವನ್ನು ಕಟ್ಟಲು ಬಂದ ಬಿಹಾರ, ಒಡಿಶಾ, ಉತ್ತರ ಕರ್ನಾಟಕದ ಕೂಲಿಗಳು ತಗಡಿನ ಶೆಡ್‌ಗಳಲ್ಲಿದ್ದಾರೆ. ವಿಮಾನ ನಿಲ್ದಾಣಕ್ಕೆ ಹಿಂಬದಿಯಿಂದ ಹೋಗುವ ವಾಹನಗಳು ಹಗಲಿರುಳು ಈ ದಾರಿಯಲ್ಲಿ ಓಡುತ್ತವೆ.

ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೆ ಒಂದು ಉಪಕೇಂದ್ರ ಎಂಬುದು ದೇಶದ ಅಳತೆಗೋಲು. ಆ ಜನರನ್ನು ಎಣಿಸಿದ್ದು 2011ರಲ್ಲಿ. 2021ರ ಜನಗಣತಿ ಆ ವರ್ಷ ನಡೆಯಲೇ ಇಲ್ಲ. ಹೀಗಾಗಿ ಶೆಡ್‌ನಲ್ಲಿರುವ ಬಸುರಿಯ ಹೆಸರು ಸಮೀಕ್ಷೆ ಪುಸ್ತಕಕ್ಕೆ ಬರುವುದು ಯಾರಾದರೂ ಆಶಾ ಕಾರ್ಯಕರ್ತೆ ಅಲ್ಲಿಯವರೆಗೆ ನಡೆದುಹೋಗಿ ಕೇಳಿದಾಗ. ಅಷ್ಟರಲ್ಲಿ ಅವಳ ಗಂಡನ ಸೈಟ್ ಮುಗಿದು ಸಂಸಾರ ಇನ್ನೊಂದು ಕಡೆ ಹೋಗಿರಲೂಬಹುದು. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹತ್ತಿ ಸಂಜೆ ಆರಕ್ಕೆ ಇಳಿಯುವವನಿಗೆ ಹಗಲು ಮಾತ್ರ ನಡೆಯುವ ಒಪಿಡಿ ಇದ್ದೂ ಇಲ್ಲದಂತೆ. ಅವನು ಮೆಡಿಕಲ್ ಸ್ಟೋರ್‌ನಲ್ಲಿ ಎರಡು ಮಾತ್ರೆ ನುಂಗಿ ಮಲಗುತ್ತಾನೆ, ಕಾಯಿಲೆ ಬಲಿತ ಮೇಲೆ ಬರುತ್ತಾನೆ. ಆಗ ಡಾಕ್ಟರ ಹೊರೆ ಎರಡು ಪಟ್ಟು.

ಇಂಥ ಊರಿನಲ್ಲಿ ವಾರಕ್ಕೆರಡು ದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಪಿಡಿ ಇಟ್ಟರೆ ಹೇಗೆ ಎಂದು ಯೋಚಿಸುವ ವೈದ್ಯಾಧಿಕಾರಿಗಳು ಇದ್ದಾರೆ. ಯೋಚನೆ ಅವರದು, ವೇಳಾಪಟ್ಟಿ ಮಾತ್ರ ಅವರ ಕೈಯಲ್ಲಿಲ್ಲ.

ಊರು ನೋಡಿ ಏರ್ಪಾಡು ಮಾಡುವುದು ನಮ್ಮ ನೆಲಕ್ಕೆ ಹೊಸ ಮಾತೂ ಅಲ್ಲ. ಹಳ್ಳಿಗಳಿಗೆ ಆರೋಗ್ಯ ಕೇಂದ್ರ ಬೇಕೆಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ಅದಕ್ಕೆ ಹದಿನೇಳು ವರ್ಷ ಮೊದಲೇ, 1929ರಲ್ಲಿ, ಮೈಸೂರು ಸಂಸ್ಥಾನ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದಿತ್ತು. ಮೇಲಿನಿಂದ ಅಪ್ಪಣೆ ಬರಲೆಂದು ಕಾಯದೆ, ಊರಿಗೆ ಬೇಕಾದದ್ದನ್ನು ಮಾಡಿ ನೋಡಿದ ನಾಡು ಇದು.

ಇಪ್ಪತ್ತೊಂದು ಪಾಳಿ, ಮೂವರು ಸಿಸ್ಟರ್

‘24/7’ ಎಂಬ ಬೋರ್ಡು ಹೊತ್ತ ಕೇಂದ್ರದಲ್ಲಿ ಸಾಮಾನ್ಯವಾಗಿ ಮೂವರು ಸ್ಟಾಫ್ ನರ್ಸ್ ಇರುತ್ತಾರೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ ಇಪ್ಪತ್ತೊಂದು. ಒಬ್ಬರು ವಾರಕ್ಕೆ ಆರು ದಿನ ದುಡಿದರೂ ಮೂವರಿಂದ ಹದಿನೆಂಟು ಪಾಳಿ. ಯಾರೂ ರಜೆ ಹಾಕದ, ಯಾರಿಗೂ ನೆಗಡಿಯೂ ಬಾರದ ವಾರದಲ್ಲೇ ಮೂರು ಪಾಳಿ ಖಾಲಿ. ಒಬ್ಬರು ಹೆರಿಗೆ ರಜೆಗೆ ಹೋದರೆ ಉಳಿದ ಇಬ್ಬರಿಂದ ಹನ್ನೆರಡು; ಒಂಬತ್ತು ಖಾಲಿ. ಈ ಲೆಕ್ಕವನ್ನು ಕಾಗದದ ಮೇಲೆ ಯಾರೂ ಮಾಡುವುದಿಲ್ಲ, ಸಿಸ್ಟರ್‌ಗಳ ಮೈ ಮಾಡುತ್ತದೆ. ಹನ್ನೆರಡು ಗಂಟೆಯ ಡ್ಯೂಟಿ, ರಾತ್ರಿಯ ಬೆನ್ನಿಗೇ ಹಗಲು.

ರಾತ್ರಿ ಎರಡು ಗಂಟೆಗೆ ಹೆರಿಗೆ ಬಂತೆನ್ನಿ. ಒಬ್ಬರೇ ಸಿಸ್ಟರ್, ಜೊತೆಗೆ ಡಿ ಗ್ರೂಪ್ ನೌಕರರೊಬ್ಬರು. ಮಗು ಹುಟ್ಟಿದ ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಹತ್ತು ಯೂನಿಟ್ ಚುಚ್ಚಬೇಕು, ರಕ್ತಸ್ರಾವ ತಡೆಯುವುದು ಅದೇ. ಆ ಇಂಜೆಕ್ಷನ್ ಇರುವುದು ಫ್ರಿಜ್ಜಿನಲ್ಲಿ. ಅದೇ ಹೊತ್ತಿಗೆ ಮಗು ಅಳಲಿಲ್ಲ ಎಂದರೆ ಅದನ್ನು ಒರೆಸಿ, ಮೂಗುಬಾಯಿ ನೋಡಿ, ಒಂದು ನಿಮಿಷದೊಳಗೆ ಬ್ಯಾಗು-ಮಾಸ್ಕಿನಿಂದ ಉಸಿರು ಕೊಡಲು ಶುರುಮಾಡಬೇಕು. ಎರಡು ಜೀವ, ಎರಡು ಕೈ. ತರಬೇತಿ ಎಷ್ಟೇ ಚೆನ್ನಾಗಿರಲಿ, ಎರಡು ಕೈ ನಾಲ್ಕಾಗುವುದಿಲ್ಲ.

ಇಲ್ಲಿ ಆಡಳಿತ ಏನು ಮಾಡಬಹುದು? ಹೊಸ ಹುದ್ದೆ ಮಂಜೂರು ಮಾಡುವುದು ಸರ್ಕಾರದ ಕೆಲಸ, ಅದು ಆಗಬೇಕು. ಆದರೆ ಇರುವವರಲ್ಲೇ ಆಗುವ ಕೆಲಸವೂ ಉಂಟು. ತಿಂಗಳಿಗೆ ಒಂದೆರಡೇ ಹೆರಿಗೆ ಆಗುವ ಅಕ್ಕಪಕ್ಕದ ಎರಡು ಕೇಂದ್ರಗಳು ರಾತ್ರಿ ಹೆರಿಗೆಯನ್ನು ಒಂದೇ ಕಡೆ ಇಟ್ಟುಕೊಂಡರೆ ಅಲ್ಲಿ ಇಬ್ಬರು ಸಿಸ್ಟರ್ ಸಿಗುತ್ತಾರೆ. ಡ್ಯೂಟಿ ಪಟ್ಟಿಯನ್ನು ಸಿಸ್ಟರ್‌ಗಳೇ ಕೂತು ಹಾಕಿಕೊಂಡರೆ ಯಾರ ಮಗುವಿಗೆ ಪರೀಕ್ಷೆ, ಯಾರ ಅತ್ತೆಗೆ ಡಯಾಲಿಸಿಸ್ ಎಂಬುದು ಆ ಪಟ್ಟಿಯೊಳಗೆ ಬರುತ್ತದೆ.

ಅಮೆರಿಕದಲ್ಲಿ 1980ರ ಸುಮಾರಿಗೆ ನರ್ಸ್‌ಗಳ ಬರ ಬಂದಾಗ, ಬಿಟ್ಟು ಹೋಗುವವರು ಕಡಿಮೆ ಇದ್ದ ಆಸ್ಪತ್ರೆಗಳೂ ಇದ್ದವಲ್ಲ, ಅವು ಹೇಗೆ ಎಂದು ಅಲ್ಲಿನ ನರ್ಸಿಂಗ್ ಅಕಾಡೆಮಿ ಹುಡುಕಿತು. 1983ರಲ್ಲಿ ಅಂಥ 41 ಆಸ್ಪತ್ರೆಗಳನ್ನು ಗುರುತಿಸಿ ‘ಅಯಸ್ಕಾಂತ ಆಸ್ಪತ್ರೆ’ಗಳೆಂದು ಕರೆಯಿತು. ವಾರ್ಡಿನ ಮಟ್ಟದಲ್ಲಿ ತೀರ್ಮಾನ, ಹೊಂದಿಸಿಕೊಳ್ಳಬಹುದಾದ ಪಾಳಿ, ನರ್ಸ್ ಮಾತಿಗೆ ಬೆಲೆ, ಇವು ಅಲ್ಲೆಲ್ಲ ಕಂಡ ಲಕ್ಷಣಗಳು.

ಒಂದು ರಾತ್ರಿಯ ನೆನಪು

ನನ್ನ ತಾಯಿಗೆ ಉಬ್ಬಸ. ಹಲವು ವರ್ಷಗಳ ಹಿಂದೆ ಒಂದು ಚಳಿಗಾಲದ ರಾತ್ರಿ ಅವರನ್ನು ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಯಾವ ಆಸ್ಪತ್ರೆ ಎಂಬುದು ಬೇಡ, ಯಾವುದಾದರೂ ಆಗಬಹುದಿತ್ತು. ಡ್ಯೂಟಿಯಲ್ಲಿದ್ದ ಸಿಸ್ಟರ್ ನೋಡಿದೊಡನೆ ಅರ್ಥ ಮಾಡಿಕೊಂಡರು. ತಾಯಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ‘ಅಮ್ಮಾ, ತುಟಿ ಕೂಡಿಸಿ ಮೆಲ್ಲಗೆ ಉಸಿರು ಬಿಡಿ’ ಎಂದು ಬೆನ್ನು ಸವರಿದರು. ನೆಬ್ಯುಲೈಸರ್ ಯಂತ್ರ ತಂದು ಪ್ಲಗ್ ಹಾಕಿದರು. ಅದಕ್ಕೆ ಹಾಕುವ ಔಷಧ ಮಾತ್ರ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ. ಬೀಗದ ಕೈ ಸಂಜೆಯೇ ಮನೆಗೆ ಹೋಗಿದ್ದ ಫಾರ್ಮಸಿಸ್ಟ್ ಹತ್ತಿರ.

ಬೈಕಿನಲ್ಲಿ ಹುಡುಗನೊಬ್ಬನನ್ನು ಓಡಿಸಿದರು. ಬೀಗದ ಕೈ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಆ ಹೆಣ್ಣುಮಗಳು ಗಾಜಿನ ಕಪಾಟಿನೊಳಗೆ ಕಾಣುತ್ತಿದ್ದ ಆ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನೂ ನನ್ನ ತಾಯಿಯ ಮುಖವನ್ನೂ ನೋಡುತ್ತ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ತಾಯಿ ಚೇತರಿಸಿಕೊಂಡರು. ಬೆಳಗ್ಗೆ ಡ್ಯೂಟಿ ಮುಗಿಸಿ ಹೊರಡುವಾಗ ಆ ಸಿಸ್ಟರ್ ಹೇಳಿದರು: ‘ಗಾಜು ಒಡೆದಿದ್ರೆ ನನ್ ಸಂಬಳದಲ್ಲಿ ಹಿಡೀತಿದ್ರು ಸಾರ್. ಒಡೀಬೇಕಿತ್ತು.’

ಆ ಬೀಗ ಹಾಕಿದವರು ಕೆಟ್ಟವರಲ್ಲ. ಔಷಧ ಕಳುವಾಗಬಾರದು, ಲೆಕ್ಕ ತಪ್ಪಬಾರದು ಎಂಬ ಕಾಳಜಿ ಅವರದು. ಪರಿಹಾರವೂ ದೊಡ್ಡದಲ್ಲ: ತುರ್ತು ಔಷಧಗಳ ಟ್ರೇ ಒಂದನ್ನು ಡ್ಯೂಟಿಯಲ್ಲಿರುವವರ ಕೈಗೆ ಕೊಟ್ಟು, ಬಳಸಿದ್ದನ್ನು ಬರೆದಿಡಿ, ಬೆಳಗ್ಗೆ ತುಂಬಿಸುತ್ತೇವೆ ಎನ್ನುವುದು. ಈಗ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಅಂಥ ಟ್ರೇಗಳು, ಒಳಗೇನಿದೆ ಎಂಬ ಪಟ್ಟಿ ಅಂಟಿಸಿಕೊಂಡು, ಕೈಗೆಟುಕುವಲ್ಲಿ ಇರುತ್ತವೆ. ಅವನ್ನು ಕಂಡಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ಹೆಬ್ಬೆಟ್ಟು ಒತ್ತಿಸಿದರೆ ಸಾಕೆ?

ಸಿಬ್ಬಂದಿಯಿಂದ ಕೆಲಸ ತೆಗೆಯಲು ಸರ್ಕಾರಗಳಿಗೆ ಮೊದಲು ಹೊಳೆಯುವ ಉಪಾಯ ಹಾಜರಿ. ಇದರ ಒಳ್ಳೆಯ ಪರೀಕ್ಷೆ ನಡೆದದ್ದು ನಮ್ಮ ರಾಜ್ಯದಲ್ಲೇ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ 140ಕ್ಕೆ ಬೆರಳಚ್ಚು ಹಾಜರಿ ಯಂತ್ರ ಕೊಟ್ಟರು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಸಂಶೋಧಕರು ಯಂತ್ರ ಇದ್ದ, ಇಲ್ಲದ ಕೇಂದ್ರಗಳನ್ನು ಹೋಲಿಸಿ ನೋಡಿದರು.

ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್‌ಗಳ ಹಾಜರಿ ಶೇ 18ರಷ್ಟು ಹೆಚ್ಚಿತು. ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆ ತೂಗುವ ಮಕ್ಕಳ ಸಂಖ್ಯೆ ಶೇ 26ರಷ್ಟು ಇಳಿಯಿತು. ಇದು ಸಣ್ಣ ಗೆಲುವಲ್ಲ. ಸಿಸ್ಟರ್ ಇದ್ದರೆ ಬಸುರಿಗೆ ಎಷ್ಟು ಲಾಭ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ವೈದ್ಯರ ಹಾಜರಿ ಅಲುಗಲಿಲ್ಲ. ಯಂತ್ರದ ಲೆಕ್ಕ ನೋಡಿ ರಜೆ ಕಡಿತ ಮಾಡಬೇಕಾದ ಮೇಲಿನವರೇ ಹಿಂಜರಿದರು. ಹಳ್ಳಿಗೆ ವೈದ್ಯರು ಸಿಗುವುದೇ ಕಷ್ಟ, ಇರುವವರೂ ಬಿಟ್ಟುಹೋದರೆ ಏನು ಗತಿ ಎಂಬ ಅಂಜಿಕೆ. ಸಿಬ್ಬಂದಿಯಲ್ಲಿ ಅಸಮಾಧಾನವೂ ಬೆಳೆಯಿತು.

ಈ ಫಲಿತಾಂಶವನ್ನು ಬಹಳ ಜನ ‘ಯಂತ್ರ ಸೋತಿತು’ ಎಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಬಂದಿದ್ದಾರೋ ಇಲ್ಲವೋ ಎಂಬುದನ್ನು ಯಂತ್ರ ಹೇಳಬಲ್ಲದು. ಏಕೆ ಬಂದಿಲ್ಲ, ಮೀಟಿಂಗಿಗೆ ಹೋದರೋ, ಮರಣೋತ್ತರ ಪರೀಕ್ಷೆಗೆ ಹೋದರೋ, ಕ್ವಾರ್ಟರ್ಸ್ ಸೋರುತ್ತದೆಂದು ಪಟ್ಟಣದಲ್ಲಿ ಮನೆ ಮಾಡಿ ಬಸ್ ತಪ್ಪಿಸಿಕೊಂಡರೋ, ಇವನ್ನು ಕೇಳಿ ಸರಿಮಾಡಬೇಕಾದದ್ದು ಮನುಷ್ಯರು. ಕಣ್ಣಿಡುವುದು ಆಡಳಿತದ ಅರ್ಧ ಕೆಲಸ. ಇನ್ನರ್ಧ ಖಾಲಿ ಉಳಿಯಿತು.

ಇಲಿ ಹಿಡಿದಾಗ ಹುಟ್ಟಿದ ಸಮಿತಿ

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹುಟ್ಟಿದಾಗ ಇಂದೋರಿನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿಗಳು ರೋಗಿಗಳ ಮಂಚದ ಕೆಳಗೇ ಓಡಾಡುತ್ತಿದ್ದವು. ಊರಿನವರಿಂದ ಹಣ ಎತ್ತಿ, ವಾರ್ಡು ಖಾಲಿ ಮಾಡಿಸಿ, ಇಲಿ ಹಿಡಿಸಿ, ಕಸ ಸಾಗಿಸಿ ಆಸ್ಪತ್ರೆಯನ್ನು ತೊಳೆದರು. ಮತ್ತೆ ಹಾಗಾಗದಂತೆ ನೋಡಿಕೊಳ್ಳಲು ಆಸ್ಪತ್ರೆಯದೇ ಒಂದು ಸಮಿತಿ, ಅದರದೇ ಒಂದು ಖಾತೆ ಮಾಡಿಕೊಂಡರು. ರೋಗಿ ಕಲ್ಯಾಣ ಸಮಿತಿ ಹುಟ್ಟಿದ್ದು ಹಾಗೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಅದು ದೇಶದ ತುಂಬ ಹರಡಿತು. ಕರ್ನಾಟಕದಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ.

ಮಿಷನ್‌ನ ಆರಂಭದ ಲೆಕ್ಕದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತ ನಿಧಿ 25 ಸಾವಿರ, ನಿರ್ವಹಣೆಗೆ 50 ಸಾವಿರ, ಸಮಿತಿಗೆ 1 ಲಕ್ಷ ರೂಪಾಯಿ. ಕೋಟಿಗಳ ಬಜೆಟ್‌ನಲ್ಲಿ ಇದು ಚಿಲ್ಲರೆ. ಆದರೆ ಬಿಪಿ ಯಂತ್ರದ ಪಟ್ಟಿ ಹರಿದ ದಿನ ಈ ಚಿಲ್ಲರೆಯ ಬೆಲೆ ತಿಳಿಯುತ್ತದೆ. ಮೊದಲಾದರೆ ಇಂಡೆಂಟ್ ಬರೆದು, ತಾಲ್ಲೂಕಿಗೆ ಕಳಿಸಿ, ಅಲ್ಲಿಂದ ಜಿಲ್ಲೆಗೆ ಹೋಗಿ, ಉಗ್ರಾಣದಲ್ಲಿ ಇದ್ದರೆ ಬರಬೇಕು. ಅಲ್ಲಿಯವರೆಗೆ ಬಸುರಿಯರ ಕಾರ್ಡಿನಲ್ಲಿ ಬಿಪಿ ಎಂಬ ಕಾಲಂ ಖಾಲಿ, ಇಲ್ಲವೇ ಅಂದಾಜಿನ ಅಂಕಿ. ಈಗ ಅದೇ ಮಧ್ಯಾಹ್ನ ಹೊಸಕೋಟೆಯ ಅಂಗಡಿಯಿಂದ ತಂದು, ಬಿಲ್ಲು ಇಟ್ಟು, ಸಮಿತಿಯ ಮುಂದೆ ಇಡಬಹುದು. ಏರಿದ ಬಿಪಿ ಎಂಟನೆಯ ತಿಂಗಳಲ್ಲಿ ಸಿಕ್ಕಿಬಿದ್ದರೆ ತಾಯಿ-ಮಗು ಉಳಿಯುವ ದಾರಿ ಇದೆ. ಹಣ ಇದ್ದೂ ಆಡಿಟ್ ಆಕ್ಷೇಪಣೆಗೆ ಹೆದರಿ ಮಾರ್ಚ್‌ವರೆಗೆ ಮುಟ್ಟದೆ ಕೂರುವ ಕೇಂದ್ರಗಳಿವೆ ಎಂಬುದು ನೋವಿನ ಸಂಗತಿ. ಅಧಿಕಾರ ಕೊಟ್ಟು, ಬಳಸಿದವರನ್ನು ಕಳ್ಳರಂತೆ ಪ್ರಶ್ನಿಸಿದರೆ ಯಾರು ತಾನೆ ಕೈ ಹಾಕುತ್ತಾರೆ?

ಗುಂಬಳ್ಳಿಯ ದಾರಿ

ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿ. ಅಲ್ಲಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ರಾಜ್ಯ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಕಟ್ಟಡ ಸರ್ಕಾರದ್ದು, ಹಣದ ದೊಡ್ಡ ಪಾಲು ಸರ್ಕಾರದ್ದು, ಔಷಧ ಪುಕ್ಕಟೆ. ಬದಲಾದದ್ದು ನಡೆಸುವ ಬಗೆ. ಆಸುಪಾಸಿನವರನ್ನೇ ಕೆಲಸಕ್ಕೆ ತೆಗೆದುಕೊಂಡರು, ಸಿಬ್ಬಂದಿ ಊರಲ್ಲೇ ಉಳಿಯುವಂತೆ ನೋಡಿಕೊಂಡರು, ಹಗಲುರಾತ್ರಿ ಬಾಗಿಲು ತೆರೆದಿಟ್ಟರು. ಅಪಸ್ಮಾರ, ಮಾನಸಿಕ ಕಾಯಿಲೆಗಳಂಥವನ್ನೂ ಅದೇ ಒಪಿಡಿಯೊಳಗೆ ತಂದರು. ಹುದ್ದೆ ಖಾಲಿಯಾದರೆ ವರ್ಷಗಟ್ಟಲೆ ಕಾಯದೆ ತುಂಬುವ ಸ್ವಾತಂತ್ರ್ಯ ಅವರಿಗಿತ್ತು. ಮುಂದೆ ಅದೇ ಟ್ರಸ್ಟ್ ರಾಜ್ಯದ ಬೇರೆಡೆ, ದೂರದ ಅರುಣಾಚಲ ಪ್ರದೇಶದಲ್ಲೂ ಕೇಂದ್ರಗಳನ್ನು ನಡೆಸಿತು.

ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಹೀಗೆ ಬೇರೆಯವರ ಕೈಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಕಾಯಂ ನೌಕರರಿಗಿರುವ ಭದ್ರತೆ ಅಲ್ಲಿನವರಿಗೆ ಇರಲಿಲ್ಲ. ಅದು ಸಣ್ಣ ಕೊರತೆಯಲ್ಲ. ಗುಂಬಳ್ಳಿಯವರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಸರ್ಕಾರ ತನ್ನದೇ ವೈದ್ಯಾಧಿಕಾರಿಗೆ ಏಕೆ ಕೊಡಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ತೀರ್ಮಾನ ತಾಲ್ಲೂಕಿಗೆ ಇಳಿದಾಗ

ಅಂಥ ಸ್ವಾತಂತ್ರ್ಯ ಕೊಟ್ಟಿರುವ ಇತ್ತೀಚಿನ ಒಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಎದೆನೋವು ಎಂಬ ಮಾತಿಗೇ ನಾಡು ಬೆಚ್ಚುವಂತಾಯಿತು. ಅವರ ಹೆಸರಿನಲ್ಲಿ ಶುರುವಾದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿ ತೆಗೆದು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೃದಯಾಘಾತ ಹೌದೆಂದು ಅಲ್ಲಿನ ತಜ್ಞರು ಹೇಳಿದರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ, ಪುಕ್ಕಟೆಯಾಗಿ ಕೊಡುತ್ತಾರೆ. ಆಮೇಲೆ ಆಂಬುಲೆನ್ಸ್.

ಮೊದಲು ಇದೇ ತಾಲ್ಲೂಕು ವೈದ್ಯರು ‘ಬೆಂಗಳೂರಿಗೆ ಕರ್ಕೊಂಡ್ಹೋಗಿ’ ಎಂದು ಚೀಟಿ ಬರೆಯುತ್ತಿದ್ದರು. ಅವರ ಓದು ಅಂದೂ ಅದೇ, ಇಂದೂ ಅದೇ. ಔಷಧ ಕೈಗೆ ಬಂತು, ಕೇಳಲು ಒಬ್ಬ ಹಿರಿಯರು ಸಿಕ್ಕರು, ಕೊಡುವ ಅಧಿಕಾರ ಬಂತು. ರೆಫರ್ ಮಾಡುತ್ತಿದ್ದ ಕೈ ಜೀವ ಉಳಿಸುವ ಕೈಯಾಯಿತು. ಜಯದೇವ ಸ್ವತಃ ಸ್ವಾಯತ್ತ ಸಂಸ್ಥೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ 2006ರಿಂದ 2024ರವರೆಗಿನ ಕಾಲದಲ್ಲಿ ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂಬುದು ಅಲ್ಲಿನ ನಡೆ. ರಾತ್ರಿ ಬಂದ ರೋಗಿಯ ಮುಂದೆ ನಿಂತ ಎಳೆಯ ವೈದ್ಯರಿಗೆ ಇದರಿಂದ ಎಷ್ಟು ನಿರಾಳ ಎಂಬುದನ್ನು ಊಹಿಸಿ. ಅವರು ನಾಡಿ ನೋಡಿದರೆ ಸಾಕು, ಜೇಬು ನೋಡಬೇಕಾಗಿಲ್ಲ.

ಹಾಗೆಂದು ಎಲ್ಲ ಕಡೆ ಸಡಿಲಿಸಬೇಕೆಂದಲ್ಲ, ನಿಯಮ ಬಿಗಿಯಾಗಿರುವುದೇ ಲೇಸು ಎನ್ನುವ ಜಾಗಗಳೂ ಇವೆ. ವರ್ಗಾವಣೆ ಅದರಲ್ಲಿ ಮೊದಲನೆಯದು. ಆರೋಗ್ಯ ಇಲಾಖೆಯ ವೈದ್ಯಾಧಿಕಾರಿಗಳು ಮತ್ತು ಸಿಬ್ಬಂದಿಯ ವರ್ಗಾವಣೆಗೆಂದೇ ಕರ್ನಾಟಕ 2011ರಲ್ಲಿ ಒಂದು ಕಾಯ್ದೆ ಮಾಡಿ, ಊರುಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಕೌನ್ಸೆಲಿಂಗ್ ಮೂಲಕ ಜಾಗ ಆರಿಸಿಕೊಳ್ಳುವ ಪದ್ಧತಿ ತಂದಿತು. ಶಿಫಾರಸು ಪತ್ರ ಹಿಡಿದು ಅಲೆಯುವುದು ತಪ್ಪಿದಷ್ಟೂ ಮನಸ್ಸು ರೋಗಿಯ ಮೇಲೆ ನಿಲ್ಲುತ್ತದೆ.

ಬಾಟಲಿ ನಿಲ್ಲಿಸುವ ಧೈರ್ಯ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿ, ರಾಜ್ಯದ ಎಲ್ಲೆಡೆಯ ಬಾಣಂತಿಯರ ಸಾವುಗಳನ್ನು ಪರಿಶೀಲನೆಗೆ ಹಚ್ಚಿತು. ಆ ಮನೆಗಳ ತೊಟ್ಟಿಲು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಔಷಧದ ಗುಣ ಪರೀಕ್ಷಿಸುವುದು ಪ್ರಯೋಗಾಲಯದ ಕೆಲಸ. ಆದರೆ ಯಾವುದೇ ವಾರ್ಡಿನಲ್ಲಿ ಡ್ರಿಪ್ ಹಾಕಿದ ಮೇಲೆ ತಾಯಿಗೆ ನಡುಕ ಬಂದದ್ದನ್ನು, ಮೂತ್ರ ಕಡಿಮೆಯಾದದ್ದನ್ನು ಮೊದಲು ಕಾಣುವುದು ನರ್ಸ್. ಬಾಟಲಿ ನಿಲ್ಲಿಸಿ, ಬ್ಯಾಚ್ ನಂಬರ್ ಬರೆದಿಟ್ಟು, ‘ಇದ್ಯಾಕೋ ಸರಿ ಇಲ್ಲ’ ಎಂದು ಮೇಲಿನವರಿಗೆ ಹೇಳುವ ಧೈರ್ಯ ಆಕೆಗೆ ಇರಬೇಕು. ‘ನೀನೇನು ಡಾಕ್ಟ್ರಾ?’ ಎಂಬ ಒಂದು ಮಾತು ಆ ಧೈರ್ಯವನ್ನು ವರ್ಷಗಟ್ಟಲೆ ಕೊಲ್ಲುತ್ತದೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಔಷಧ ತಪ್ಪುಗಳನ್ನು ಅಧ್ಯಯನ ಮಾಡುವಾಗ ಒಂದು ವಿಚಿತ್ರ ಕಂಡರು. ಒಳ್ಳೆಯ ಮುಂದಾಳು ಇದ್ದ, ಹೊಂದಿಕೊಂಡು ದುಡಿಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದವು. ಉಳಿದ ಕಡೆ ಪುಸ್ತಕ ಸ್ವಚ್ಛ, ಆದರೆ ರೋಗಿ ಸುರಕ್ಷಿತ ಎಂದಲ್ಲ.

ಬಾಗುವುದು ಯಾರು?

ಹೊಂದಿಕೊಳ್ಳುವ ಆಡಳಿತ ಎಂಬ ಮಾತಿಗೆ ಇನ್ನೊಂದು, ಕ್ರೂರವಾದ ಬಳಕೆಯೂ ಇದೆ. ನಿಯಮ ಹೊಂದಿಕೊಳ್ಳುವುದಿಲ್ಲ, ಕೆಳಗಿನವರು ಮಾತ್ರ ಹೊಂದಿಕೊಳ್ಳಬೇಕು. ಹೊಸ ಸಮೀಕ್ಷೆ ಬಂತೇ, ಆಶಾ ಮಾಡಲಿ. ಹೊಸ ಆ್ಯಪ್ ಬಂತೇ, ಆಶಾ ತುಂಬಲಿ. 2020ರಲ್ಲಿ ಕೋವಿಡ್ ಬಂದಾಗ ಮನೆಮನೆಗೆ ಹೋಗಿ ಜ್ವರ ಕೇಳಿದವರು, ಕೆಲವೆಡೆ ಬೈಸಿಕೊಂಡವರು, ಹೊಡೆಸಿಕೊಂಡವರು ಅವರೇ. ಪೋರ್ಟಲ್‌ನಲ್ಲಿ ದಾಖಲಾದರೆ ಪ್ರೋತ್ಸಾಹಧನ, ಆಗದಿದ್ದರೆ ಮಾಡಿದ ಕೆಲಸಕ್ಕೂ ಇಲ್ಲ ಎಂಬ ದೂರು ಅವರದು. 2025ರ ಜನವರಿ 7ರಿಂದ ನಾಲ್ಕು ದಿನ, ಆ ಚಳಿಯಲ್ಲಿ, ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಸಿಗುವಂತೆ ಮಾಡುವ ಭರವಸೆ ಸಿಕ್ಕ ಮೇಲೆ ಎದ್ದರು.

ಬೂದಿಗೆರೆ ಸುತ್ತಿನ ಶೆಡ್‌ಗಳಲ್ಲಿ ಬಸುರಿಯರನ್ನು ಹುಡುಕುವುದು ಇಂಥವರೇ. ಅವರ ಹೊರೆಯಲ್ಲಿ ಒಂದನ್ನು ಇಳಿಸಿ ಇನ್ನೊಂದು ಏರಿಸುವುದು ಹೊಂದಾಣಿಕೆ. ಇಳಿಸದೆ ಏರಿಸುತ್ತ ಹೋಗುವುದಕ್ಕೆ ಆ ಹೆಸರು ಸಲ್ಲದು.

ಒಂಬತ್ತನೆಯ ತಾರೀಕು, ಗುರುವಾರ

ಪ್ರತಿ ತಿಂಗಳ 9ನೇ ತಾರೀಕು ಬಸುರಿಯರ ವಿಶೇಷ ತಪಾಸಣೆಯ ದಿನ. ಗುರುವಾರ ಮಕ್ಕಳ ಲಸಿಕೆಯ ದಿನ. 2026ರ ಕ್ಯಾಲೆಂಡರ್ ತೆಗೆದು ನೋಡಿ, ಏಪ್ರಿಲ್ 9 ಮತ್ತು ಜುಲೈ 9 ಎರಡೂ ಗುರುವಾರ. ಬಸುರಿಯರ ಬಿಪಿ ನೋಡಬೇಕಾದವರೂ ಅಂಗನವಾಡಿಯಲ್ಲಿ ಲಸಿಕೆ ಹಾಕಬೇಕಾದವರೂ ಒಂದೇ ಪಡೆಯವರು. ಕಲಸಿದ ಬಿಸಿಜಿ ಸೀಸೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಇಲ್ಲವೇ ಎಸೆಯಬೇಕು. ಒಂದೇ ಮಗು ಬಂದರೂ ಸೀಸೆ ತೆರೆಯಿರಿ, ವಾಪಸ್ ಕಳಿಸಬೇಡಿ ಎನ್ನುತ್ತದೆ ನಿಯಮ. ಇದು ಒಳ್ಳೆಯ ನಿಯಮ, ಸಿಸ್ಟರ್ ಕೈಗೆ ಅಧಿಕಾರ ಕೊಡುವಂಥದು.

ಆ ಎರಡು ಗುರುವಾರಗಳಲ್ಲಿ ಒಂದು ಹಳ್ಳಿಯ ಲಸಿಕೆಯನ್ನು ಬುಧವಾರಕ್ಕೆ ತರುವ, ದೂರದ ಶೆಡ್‌ನ ಬಸುರಿಯರನ್ನು ಮಧ್ಯಾಹ್ನದ ಮೇಲೆ ಕರೆಯುವ, ಹನ್ನೊಂದು ಗಂಟೆಯ ವಿಡಿಯೊ ಮೀಟಿಂಗಿಗೆ ‘ಇವತ್ತು ಆಗೋದಿಲ್ಲ ಸಾರ್’ ಎನ್ನುವ ಮಾತು ಯಾರದಾಗಿರುತ್ತದೆ? ಒಂದು ವಾರ ಮೊದಲೇ ವೈದ್ಯಾಧಿಕಾರಿ, ಸಿಸ್ಟರ್, ಆಶಾ ಎಲ್ಲ ಕೂತು, ಪಟ್ಟಿ ಬರೆದು, ಕೇಂದ್ರದ ಬಾಗಿಲಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಅಂಟಿಸಿದ್ದರೆ, ಆ ದಿನದ ಸಾಲು ಮೆಟ್ಟಿಲು ಇಳಿಯುವುದಿಲ್ಲ.